ಹನ್ನೊಂದು ದಿನ ಮನೆಯಲ್ಲಿ ಕೂತ ಕೋಚ್

ಅವರ ಬಲಗೈಯ ಕಿರುಬೆರಳು ಮಿಕ್ಕ ಬೆರಳುಗಳ ಜೊತೆ ಹೊಂದಿಕೊಂಡು ಬಾಳುತ್ತಿರಲಿಲ್ಲ. ಎಂದೋ ನಡುಗಂಟಿನಲ್ಲಿ ಮುರಿದು, ಕೂಡಿಕೊಳ್ಳುವಾಗ ಸೊಟ್ಟಗೆ ಕೂಡಿಕೊಂಡು, ಬೇಲಿಯಿಂದ ಆಚೆಗೆ ಬಾಗಿದ ಕಡ್ಡಿಯ ಹಾಗೆ ಒಂದು ಪಕ್ಕಕ್ಕೆ ಚಾಚಿಕೊಂಡಿತ್ತು. ಅವರು ಕೈ ನೀಡಿ "ಅಲ್ಲಿ" ಎಂದರೆ ಮೂರು ಬೆರಳು ರಸ್ತೆಯನ್ನೂ ಕಿರುಬೆರಳು ನಮ್ಮ ಅಡುಗೆಮನೆಯ ಕಿಟಕಿಯನ್ನೂ ತೋರಿಸುತ್ತಿದ್ದವು. "ನನ್ನ ಹುಡುಗರು ಯಾಕೆ ಸೋಲ್ತಾರೆ ಗೊತ್ತಾ? ಅರ್ಧ ಜನ ಈ ಬೆರಳು ತೋರಿಸಿದ ಕಡೆಗೆ ಓಡ್ತಾರೆ" ಎಂದು ಅವರೇ ಹೇಳಿ ನಗುತ್ತಿದ್ದರು. ಅವರು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲೇ. ಆದರೆ ನನ್ನ ನೆನಪಿನಲ್ಲಿ ಅವರ ಮಾತು ಕನ್ನಡವಾಗಿಯೇ ಉಳಿದಿದೆ, ಹಾಗೆಯೇ ಬರೆಯುತ್ತೇನೆ.

ಮಕ್ಕಳೇ, ಇದು ಎಂಬತ್ತರ ದಶಕದ ಮಾತು. ನಾವು ಅಮೆರಿಕದ ಸಾಂಟಾ ಕ್ಲಾರಾದಲ್ಲಿ ಬಾಡಿಗೆಗೆ ಇದ್ದೆವು. ಒಂದೇ ಚಾವಣಿಯ ಕೆಳಗೆ ಎರಡು ಮನೆ, ನಡುವೆ ಒಂದು ಗೋಡೆ. ಈಚೆ ನಾವು, ಆಚೆ ಕೋಚ್, ಅವರ ಹೆಂಡತಿ. ನಿಮ್ಮ ಅಜ್ಜ ಚಿಪ್ ಮಾಡುವ ಕಂಪನಿಯಲ್ಲಿ ಇಂಜಿನಿಯರ್. ನಿಮ್ಮ ಅಮ್ಮ ಆಗಿನ್ನೂ ಚಿಕ್ಕವಳು, ಶಾಲೆಗೆ ಸೇರಿ ವರ್ಷವೋ ಎರಡು ವರ್ಷವೋ ಆಗಿತ್ತು. ನಾನು ಮಂಡ್ಯದ ಕಡೆಯ ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದವಳು. ಬಾಗಿಲು ತಟ್ಟಿದ ಸದ್ದಾದರೆ ಒಳಕೋಣೆಗೆ ಹೋಗಿ ನಿಲ್ಲುತ್ತಿದ್ದೆ. ಇಂಗ್ಲಿಷು ಕೇಳಿದರೆ ಅಷ್ಟಿಷ್ಟು ತಿಳಿಯುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ.

ಗೋಡೆಯ ಆಚೆಯಿಂದ ಭಾನುವಾರದ ಮಧ್ಯಾಹ್ನವೆಲ್ಲ ಟರ್ ಟರ್ ಎಂದು ಒಂದು ಸದ್ದು ಬರುತ್ತಿತ್ತು. ಸ್ವಲ್ಪ ನಡೆಯುವುದು, ನಿಲ್ಲುವುದು, ಮತ್ತೆ ನಡೆಯುವುದು. ಪಕ್ಕದ ಮನೆಯಾಕೆ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾರೆ ಎಂದುಕೊಂಡೆ. ನನಗೂ ಹೊಲಿಗೆ ಗೊತ್ತಿದ್ದರಿಂದ ಒಂದು ದಿನ ಧೈರ್ಯ ಮಾಡಿ, ರವಿಕೆಯ ಬಟ್ಟೆ ಹಿಡಿದು, ಮಗಳನ್ನು ಮುಂದಿಟ್ಟುಕೊಂಡು ಅವರ ಬಾಗಿಲಿಗೆ ಹೋದೆ. ಒಳಗೆ ನೋಡಿದರೆ ಗೋಡೆಯ ಮೇಲೆ ಸಿನಿಮಾ ಓಡುತ್ತಿದೆ. ಕಬ್ಬಿಣದ ಟೋಪಿ ಹಾಕಿದ ಹುಡುಗರು ಒಬ್ಬರ ಮೇಲೊಬ್ಬರು ಬೀಳುತ್ತಾರೆ, ಹಿಂದಕ್ಕೆ ಏಳುತ್ತಾರೆ, ಮತ್ತೆ ಬೀಳುತ್ತಾರೆ. ಟರ್ ಟರ್ ಎನ್ನುತ್ತಿದ್ದ ಪ್ರೊಜೆಕ್ಟರ್ ಪಕ್ಕದಲ್ಲಿ ಕೂತಿದ್ದವರು ಎದ್ದು ಬಂದು ಏನೋ ಹೇಳಿದರು. ದನಿಯೇ ಇಲ್ಲ, ಬರೀ ಗಾಳಿ. ಶನಿವಾರ ಆಟದಲ್ಲಿ ಕೂಗಿ ಕೂಗಿ ಭಾನುವಾರ ಅವರ ಗಂಟಲು ಕಟ್ಟಿರುತ್ತಿತ್ತು.

ಕೋಚ್ ಎನ್ನುವುದು ಅವರ ಹೆಸರೆಂದೇ ನಾನು ಬಹಳ ದಿನ ತಿಳಿದಿದ್ದೆ. ಅವರ ಹೆಂಡತಿಯೂ ಹಾಗೇ ಕರೆಯುತ್ತಿದ್ದರು, ಟಪಾಲು ತರುವವನೂ ಹಾಗೇ ಕರೆಯುತ್ತಿದ್ದ.

"ಅದು ಹೆಸರಲ್ಲ ಕಣಮ್ಮಿ. ಆಟ ಕಲಿಸೋ ಮೇಷ್ಟ್ರು ಅಂತ" ಎಂದರು ನಿಮ್ಮ ಅಜ್ಜ.

"ಹಂಗಾದ್ರೆ ಹೆಸರೇನು?"

"ಹೆಸರು ತಗೊಂಡು ಏನ್ಮಾಡೀಯೆ? ಎಲ್ರೂ ಕೋಚ್ ಅಂತಾರೆ, ನೀನೂ ಅನ್ನು."

ನಾನು ಅವತ್ತಿನಿಂದ ಹಾಗೇ ಅಂದೆ. ಭಾನುವಾರ ಬಂತೆಂದರೆ ಮೆಣಸು, ಶುಂಠಿ, ಬೆಲ್ಲ ಹಾಕಿ ಕಷಾಯ ಕಾಯಿಸಿ ಮಗಳ ಕೈಯಲ್ಲಿ ಕಳಿಸುತ್ತಿದ್ದೆ. ಮೊದಲ ಸಲ ಕುಡಿದಾಗ ಅವರ ಕಣ್ಣಲ್ಲಿ ನೀರು ಬಂತಂತೆ. ಆದರೂ ಮುಂದಿನ ಭಾನುವಾರ ಖಾಲಿ ಲೋಟ ತೊಳೆದು ನಮ್ಮ ಕಿಟಕಿಯ ಮೇಲೆ ಇಟ್ಟಿದ್ದರು, ನೆನಪಿರಲಿ ಎಂದು.

ಅವರು ದಾಟಿ ಬಂದ ದಾರಿಯನ್ನು ನಾನು ಓದಿದ್ದು ಒಂದು ರಟ್ಟಿನ ಪೆಟ್ಟಿಗೆಯ ಮೇಲೆ. ಅವರ ಗ್ಯಾರೇಜಿನಲ್ಲಿ ಪಿಂಗಾಣಿ ತಟ್ಟೆಗಳ ಪೆಟ್ಟಿಗೆಯೊಂದಿತ್ತು. ಅದರ ಮೇಲೆ ಶಾಯಿಯಲ್ಲಿ ಒಂದು ಊರ ಹೆಸರು ಬರೆದು, ಹೊಡೆದುಹಾಕಿ, ಕೆಳಗೆ ಇನ್ನೊಂದು ಊರು ಬರೆದು, ಅದನ್ನೂ ಹೊಡೆದುಹಾಕಿ, ಹೀಗೆ ಒಂಬತ್ತು ಊರು. ಹತ್ತನೆಯದು ಸಾಂಟಾ ಕ್ಲಾರಾ. ಅವರ ಹೆಂಡತಿ ಒಂದೊಂದೇ ಹೆಸರ ಮೇಲೆ ಬೆರಳಿಟ್ಟು ನಿಧಾನವಾಗಿ ಹೇಳಿದರು. ಮೊದಲ ಊರಿನಲ್ಲಿ ಅವರು ಆಟಗಾರ. ಮೊಣಕಾಲು ಹೋದ ಮೇಲೆ ಎರಡನೆಯ ಊರಿನಲ್ಲಿ ಹೈಸ್ಕೂಲಿನ ಚರಿತ್ರೆಯ ಮೇಷ್ಟ್ರು, ಸಂಜೆ ಆಟ ಕಲಿಸುವುದು. ಆಮೇಲೆ ಒಂದು ಕಾಲೇಜಿನಲ್ಲಿ ಸಹಾಯಕನಿಗೆ ಸಹಾಯಕ. ಮುಂದಿನ ಊರಿನಲ್ಲಿ ಸಹಾಯಕ. ಒಂದು ಕಡೆ ತಡೆಯುವವರಿಗೆ ಕಲಿಸಿದರು, ಇನ್ನೊಂದು ಕಡೆ ಓಡುವವರಿಗೆ. ದೊಡ್ಡ ಕೋಚನ್ನು ಕಾಲೇಜಿನವರು ತೆಗೆದರೆ ಕೆಳಗಿನವರೆಲ್ಲ ಗಂಟು ಕಟ್ಟಬೇಕು. ನಮ್ಮ ಕಡೆ ಊರಿಗೊಬ್ಬ ಗೌಡ ಇರುವ ಹಾಗೆ ಪ್ರತಿ ತಂಡಕ್ಕೂ ಒಬ್ಬ ಹೆಡ್ ಕೋಚ್. ಗೆದ್ದರೂ ಸೋತರೂ ಅವನದೇ ಹೆಸರು. ಆ ಜಾಗಕ್ಕಾಗಿ ಅವರು ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾದಿದ್ದರು. ಇಲ್ಲಿಯ ಸಣ್ಣ ಕಾಲೇಜೊಂದರಲ್ಲಿ ಅದು ಸಿಕ್ಕಿತ್ತು. ಎಷ್ಟು ಸಣ್ಣದೆಂದರೆ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವುದೂ ಅವರೇ. ಅವರ ಕಾರಿನ ಹಿಂದಿನ ಸೀಟು ಸದಾ ಬೆಳ್ಳಗಿರುತ್ತಿತ್ತು.

"ಈ ಪೆಟ್ಟಿಗೆ ಯಾಕೆ ಬಿಚ್ಚಿಲ್ಲ?" ಎಂದು ನಾನು ಸನ್ನೆಯಲ್ಲಿ ಕೇಳಿದೆ.

"ಬಿಚ್ಚಿದ ವರ್ಷವೇ ಹೊರಡಬೇಕಾಗುತ್ತೆ" ಎಂದರು ಆಕೆ. ಅವರಿಗೆ ಮಕ್ಕಳಿರಲಿಲ್ಲ. ಹತ್ತು ಊರಿನಲ್ಲೂ ಮನೆ ಹುಡುಕಿದ್ದು, ಪರದೆ ಹೊಲಿದದ್ದು, ಗುರುತು ಮಾಡಿಕೊಂಡದ್ದು, ಗುರುತು ಬಿಟ್ಟು ಬಂದದ್ದು ಎಲ್ಲ ಆಕೆಯೇ.

ಕೋಚ್ ನನ್ನಂಥವಳಿಗೂ ಕಲಿಸಿದ್ದು ಒಂದಿದೆ. ಒಂದು ಸಂಜೆ ನಿಮ್ಮ ಅಮ್ಮ ಸೈಕಲ್ ಮೇಲೆ ಇಳಿಜಾರಿನಲ್ಲಿ ರಸ್ತೆಯ ಕಡೆಗೆ ಹೋಗುತ್ತಿದ್ದಳು, ಆಚೆಯಿಂದ ಕಾರು ಬರುತ್ತಿತ್ತು. ನಾನು ಬಾಗಿಲಲ್ಲೇ ನಿಂತಿದ್ದೆ. ಬಾಯಿ ತೆರೆದೆ, ದನಿ ಹೊರಡಲಿಲ್ಲ. ಗ್ಯಾರೇಜಿನಿಂದ ಕೋಚ್ ಒಂದೇ ಒಂದು ಸಲ ಕೂಗಿದರು. ಮಗಳು ನಿಂತಳು, ಕಾರು ನಿಂತಿತು, ಎದುರುಮನೆಯವರು ಹುಲ್ಲು ಕತ್ತರಿಸುತ್ತಿದ್ದ ಯಂತ್ರವನ್ನೂ ನಿಲ್ಲಿಸಿದರು.

ಮಾರನೆಯ ದಿನ ಅವರು ನನ್ನನ್ನು ಮನೆಯ ಮುಂದೆ ನಿಲ್ಲಿಸಿ, ಮಗಳನ್ನು ರಸ್ತೆಯ ತುದಿಗೆ ಕಳಿಸಿ, "ಕರೆಯಿರಿ" ಎಂದರು. ನಾನು ಸೆರಗು ಬಾಯಿಗೆ ಹಿಡಿದೆ. ಅವರು ತಮ್ಮ ಹೊಟ್ಟೆ ಮುಟ್ಟಿಕೊಂಡು, "ಗಂಟಲಿಂದ ಅಲ್ಲ, ಇಲ್ಲಿಂದ" ಎಂದರು. ಹಳ್ಳಿಯಲ್ಲಿ ಗದ್ದೆಯ ಆಚೆ ದಡದಲ್ಲಿದ್ದ ಎಮ್ಮೆಯನ್ನು ಕರೆಯುತ್ತಿದ್ದದ್ದು ನೆನಪಾಯಿತು. ಕಣ್ಣು ಮುಚ್ಚಿಕೊಂಡು, "ಬಾ ಮಗಾ" ಎಂದು ಕೂಗಿದೆ. ಎರಡು ಮನೆಯಾಚೆ ನಾಯಿ ಬೊಗಳಿತು. ಆಗ ತಾನೆ ಆಫೀಸಿನಿಂದ ಬಂದು ಕಾರು ಇಳಿಯುತ್ತಿದ್ದ ನಿಮ್ಮ ಅಜ್ಜ, "ಮದುವೆಯಾಗಿ ಹತ್ತು ವರ್ಷ ಆಯ್ತು, ನಿನಗೆ ಗಂಟಲಿದೆ ಅಂತ ಇವತ್ತು ಗೊತ್ತಾಯ್ತು" ಎಂದರು. ಕೋಚಿಗೆ ಕನ್ನಡ ತಿಳಿಯದಿದ್ದರೂ ಅವರೇ ಮೊದಲು ನಕ್ಕರು.

ಆ ಆಟ ನನಗೆ ಎಂದೂ ಅರ್ಥವಾಗಲಿಲ್ಲ. ಹೆಸರು ಫುಟ್‌ಬಾಲ್, ಚೆಂಡನ್ನು ಮಾತ್ರ ಕಂಕುಳಲ್ಲಿ ಇಟ್ಟುಕೊಂಡು ಓಡುತ್ತಾರೆ. ಒಂದು ಕಡೆಗೆ ಹನ್ನೊಂದು ಜನ. ಬೀಳುತ್ತಾರೆ, ಏಳುತ್ತಾರೆ, ಮತ್ತೆ ಸಾಲಾಗಿ ನಿಲ್ಲುತ್ತಾರೆ. ಒಮ್ಮೆ ಬಿದ್ದು ಮತ್ತೆ ಆಡಲು ಇಪ್ಪತ್ತೈದು ಸೆಕೆಂಡು ಮಾತ್ರ ಕೊಡುತ್ತಾರಂತೆ. "ಬಿದ್ದದ್ದಕ್ಕೆ ಅಳೋದಾದರೆ ಅಷ್ಟರಲ್ಲೇ ಅತ್ತು ಮುಗಿಸಬೇಕು" ಎಂದು ಕೋಚ್ ಹುಡುಗರಿಗೆ ಹೇಳುತ್ತಿದ್ದರು. ನಿಮ್ಮ ಅಮ್ಮ ಮಂಡಿ ತರಚಿಕೊಂಡು ಬಂದರೆ ಗಡಿಯಾರ ನೋಡಿಕೊಂಡು, "ಅಳು, ಇನ್ನೂ ಹದಿನೈದು ಸೆಕೆಂಡು ಇದೆ" ಎನ್ನುತ್ತಿದ್ದರು. ಅವಳಿಗೆ ಅಳುವ ಮೊದಲೇ ನಗು ಬರುತ್ತಿತ್ತು.

ಅವರ ನಾಲ್ಕನೆಯ ವರ್ಷ ಕಾಲೇಜಿನ ಅಧ್ಯಕ್ಷರು, ಆಡಿದ ಹತ್ತು ಆಟದಲ್ಲಿ ಐದಾದರೂ ಗೆಲ್ಲಬೇಕು, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದರು. ಒಂಬತ್ತು ಆಟ ಮುಗಿದಾಗ ನಾಲ್ಕು ಗೆದ್ದಿದ್ದರು. ಕೊನೆಯ ಆಟಕ್ಕೆ ನಾವೂ ಹೋದೆವು. ಆಟ ಮುಗಿಯಲು ಸ್ವಲ್ಪ ಹೊತ್ತಿರುವಾಗ ಅವರ ಚೆನ್ನಾಗಿ ಓಡುವ ಹುಡುಗ ತಲೆಗೆ ಪೆಟ್ಟು ತಿಂದು ಎದ್ದು ಬಂದ. ನಾವು ಕೆಳಗಿನ ಸಾಲಿನಲ್ಲೇ ಕೂತಿದ್ದೆವು, ಎಲ್ಲ ಕೇಳಿಸುತ್ತಿತ್ತು.

"ಇವತ್ತು ಏನು ವಾರ?" ಎಂದರು ಕೋಚ್.

"ಶುಕ್ರವಾರ."

ಅವತ್ತು ಶನಿವಾರ. ಕೋಚ್ ಅವನ ತಲೆಯ ಟೋಪಿ ತೆಗೆದು ತಮ್ಮ ಕಂಕುಳಲ್ಲಿ ಇಟ್ಟುಕೊಂಡರು. ಅವನು ಬೇಡಿದ, ಹಿಂದಿನಿಂದ ಜನ ಬೈದರು, ಸಹಾಯಕನೊಬ್ಬ ಕಿವಿಯಲ್ಲಿ ಏನೋ ಹೇಳಿದ. ಕೋಚ್ ಟೋಪಿ ಕೊಡಲಿಲ್ಲ. ತಂಡ ಸೋತಿತು. ಬರುವಾಗ ಕಾರಿನಲ್ಲಿ ನಿಮ್ಮ ಅಜ್ಜ, "ಆ ಹುಡುಗನ್ನ ಆಡಿಸಿದ್ರೆ ಕೆಲಸ ಉಳೀತಿತ್ತು" ಎಂದರು, ಸ್ವಲ್ಪ ಹೊತ್ತಾದ ಮೇಲೆ, "ಆಡಿಸಬಾರದಿತ್ತು ಬಿಡು" ಎಂದರು.

ಸೋಮವಾರ ಶಾಲೆಯಿಂದ ಬಂದ ಮಗಳು ಬಾಗಿಲಲ್ಲೇ ಚೀಲ ಎಸೆದು, "ಅಮ್ಮಾ, ಕೋಚ್ ಹೋದ್ರಂತೆ" ಎಂದಳು.

"ಏನಂದೆ?"

"ಹೋಗ್ಬಿಟ್ರಂತೆ. ಎದುರುಮನೆ ಆಂಟಿ ಹೇಳಿದ್ರು. ಇವತ್ತು ಬೆಳಗ್ಗೆನೇ."

ಶನಿವಾರ ಕಣ್ಣಾರೆ ನೋಡಿದ್ದ ಮನುಷ್ಯ. ಆ ಸೋಲಿಗೆ ಎದೆಯೊಡೆದಿರಬೇಕು ಎಂದುಕೊಂಡೆ. ನಿಮ್ಮ ಅಜ್ಜ ಆಫೀಸಿನಲ್ಲಿ. ಆಚೆ ಆಕೆ ಒಬ್ಬರೇ. ನಮ್ಮ ಊರಿನಲ್ಲಿ ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಪಕ್ಕದವರು ಅನ್ನ ಸಾರು ಒಯ್ಯಬೇಕು, ಆ ಸಾರಿಗೆ ಒಗ್ಗರಣೆ ಹಾಕಬಾರದು. ಕರೆಯಲಿ ಎಂದು ಕಾಯಬಾರದು, ಹೋಗಿ ಮಾತಿಲ್ಲದೆ ಪಕ್ಕದಲ್ಲಿ ಕೂರಬೇಕು, ಬರುವಾಗ "ಬರ್ತೀನಿ" ಎನ್ನಬಾರದು. ಇಷ್ಟು ನನಗೆ ಗೊತ್ತಿತ್ತು. ಇದಕ್ಕೆ ಇಂಗ್ಲಿಷು ಬೇಕಿರಲಿಲ್ಲ. ಬೇಳೆ ಬೇಯಿಸಿ ಸಪ್ಪೆ ಸಾರು ಮಾಡಿ, ಅನ್ನದ ಪಾತ್ರೆಯ ಮೇಲೆ ಇಟ್ಟುಕೊಂಡು, ಮಗಳನ್ನು ಮನೆಯಲ್ಲೇ ಬಿಟ್ಟು ಹೋದೆ.

ಬಾಗಿಲು ತೆರೆದ ಆಕೆಯ ಕಣ್ಣು ಊದಿಕೊಂಡಿತ್ತು. ಇನ್ನು ಅನುಮಾನವೇ ಉಳಿಯಲಿಲ್ಲ. ಪಾತ್ರೆ ಕೆಳಗಿಟ್ಟು, ಆಕೆಯನ್ನು ಹಿಡಿದುಕೊಂಡು ನೆಲದ ಮೇಲೆ ಕೂರಿಸಿ, ನಾನೂ ಗೋಡೆಗೆ ಒರಗಿ ಕೂತೆ. ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಆಕೆ ನನ್ನ ಭುಜದ ಮೇಲೆ ತಲೆಯಿಟ್ಟು ಅತ್ತರು. ದೇಹ ಕಾಣಲಿಲ್ಲ. ಈ ದೇಶದಲ್ಲಿ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುತ್ತಾರೇನೋ ಎಂದುಕೊಂಡೆ. ಅಷ್ಟರಲ್ಲಿ ಒಳಗಿನ ಬಾಗಿಲು ತೆರೆದು, ಹೆಗಲ ಮೇಲೆ ಟವೆಲು ಹಾಕಿಕೊಂಡು, ಕಾಲುಚೀಲದಲ್ಲೇ ಕೋಚ್ ಹೊರಗೆ ಬಂದರು.

ಕೂತಲ್ಲೇ ಕೈ ಮುಗಿದೆ. ಅವರು ನನ್ನನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಪಾತ್ರೆಗಳನ್ನು ನೋಡಿದರು. ನೋಯುವ ಮೊಣಕಾಲನ್ನು ಎರಡು ಕೈಯಲ್ಲಿ ಮಡಿಸಿ ಎದುರಿಗೆ ನೆಲದ ಮೇಲೆ ಕೂತರು. ಚಮಚ ತಂದುಕೊಂಡು, ಆ ಸಪ್ಪೆ ಸಾರನ್ನು ಅನ್ನದ ಮೇಲೆ ಸುರಿದುಕೊಂಡು, ಪಾತ್ರೆ ಖಾಲಿಯಾಗುವ ತನಕ ಉಂಡರು. ನಾನು ಎದ್ದು, ಬರ್ತೀನಿ ಎಂದು ಹೇಳದೆಯೇ ಹೊರಗೆ ಬಂದೆ.

"ಹೋದ್ರು ಅಂದ್ಯಲ್ಲೇ" ಎಂದು ಮಗಳ ರಟ್ಟೆ ಹಿಡಿದೆ.

"ಹೂಂ, ಕೋಚ್ ಈಸ್ ಗಾನ್ ಅಂದ್ರು. ಗಾನ್ ಅಂದ್ರೆ ಹೋದ್ರು ಅಲ್ವಾ?"

ಕಾಲೇಜಿನವರು ಅವರನ್ನು ಕೆಲಸದಿಂದ ತೆಗೆದಿದ್ದರು, ಅಷ್ಟೇ. ಸಂಜೆ ನಿಮ್ಮ ಅಜ್ಜನಿಗೆ ವಿಷಯ ಗೊತ್ತಾಗಿ ತಲೆಯ ಮೇಲೆ ಕೈಯಿಟ್ಟುಕೊಂಡು ಕೂತರು. "ಬದುಕಿರೋ ಗಂಡಸಿನ ಮನೆಗೆ ಒಗ್ಗರಣೆ ಇಲ್ಲದ ಸಾರು ತಗೊಂಡು ಹೋಗಿದ್ದೀಯಲ್ಲಮ್ಮಿ. ನಾಳೆ ಏನಾದ್ರೂ ಆದ್ರೆ?" ನನಗೂ ಅದೇ ಭಯ. ಮಾರನೆಯ ದಿನ ಮೂವರೂ ಕ್ಷಮೆ ಕೇಳಲು ಹೋದೆವು. ನಿಮ್ಮ ಅಜ್ಜ ಇಂಗ್ಲಿಷಿನಲ್ಲಿ, "ನಮ್ಮ ಭಾಷೆಯಲ್ಲಿ ಹೋದರು ಅಂದರೆ ಸತ್ತರು ಅಂತಲೂ ಆಗುತ್ತೆ" ಎಂದು ಬಿಡಿಸಿ ಹೇಳಿದರು. ನಾನು ನೆಲ ನೋಡುತ್ತಿದ್ದೆ. ಮೊದಲು ನಕ್ಕದ್ದು ಆಕೆ, ಆಮೇಲೆ ಕೋಚ್. ಗೋಡೆಗೆ ಕೈ ಕೊಟ್ಟು ನಕ್ಕರು.

"ನಾಲ್ಕು ವರ್ಷದಲ್ಲಿ ಈ ಮನೆಗೆ ಎಷ್ಟು ಜನ ಬಂದಿದ್ದಾರೆ, ನಿನ್ನೆಯಿಂದ ಒಬ್ಬರೂ ಬಾಗಿಲು ತಟ್ಟಿಲ್ಲ. ಅವರಿಗೆ ಏನು ಹೇಳಬೇಕು ಅಂತ ಗೊತ್ತಾಗ್ತಿಲ್ಲ. ಇವರಿಗೆ ಗೊತ್ತಾಯ್ತಲ್ಲ" ಎಂದರು. ಆಮೇಲೆ ನನ್ನ ಕಡೆಗೇ ತಿರುಗಿ ಕೇಳಿದರು: "ಸರಿ, ನಿಮ್ಮಲ್ಲಿ ಇದು ಎಷ್ಟು ದಿನ?"

ನಾನು ಬೆರಳು ತೋರಿಸಿದೆ. ಹತ್ತು, ಮೇಲೊಂದು. ಹನ್ನೊಂದನೆಯ ದಿನ ತಿಥಿ.

"ಹನ್ನೊಂದಾ?" ಎಂದು ಅವರು ನೆಟ್ಟಗೆ ಕೂತರು. ಅವರ ಆಟದಲ್ಲೂ ಹನ್ನೊಂದೇ ಜನ. "ಅಷ್ಟು ದಿನ ಏನು ಮಾಡ್ತಾರೆ?"

ಗಡ್ಡ ತೆಗೆಯುವುದಿಲ್ಲ, ಹೊಸ ಕೆಲಸ ಶುರು ಮಾಡುವುದಿಲ್ಲ, ಮನೆ ಬಿಟ್ಟು ಹೋಗುವುದಿಲ್ಲ, ಕೂತಿರುತ್ತಾರೆ ಎಂದು ನಾನು ಹೇಳಿದೆ, ನಿಮ್ಮ ಅಜ್ಜ ಅನುವಾದ ಮಾಡಿದರು. ಕೋಚ್ ಎದ್ದು ಗ್ಯಾರೇಜಿಗೆ ಹೋಗಿ, ಹುಡುಗರಿಗೆ ಆಟ ಬಿಡಿಸಿ ತೋರಿಸುತ್ತಿದ್ದ ಕರಿಹಲಗೆಯನ್ನು ಒರೆಸಿ, ಒಂದರಿಂದ ಹನ್ನೊಂದರ ತನಕ ಬರೆದು, ಒಂದು, ಎರಡನ್ನು ಹೊಡೆದುಹಾಕಿದರು. ತಮಾಷೆಗೆ ಎಂದುಕೊಂಡೆ. ಅವರು ತಮಾಷೆ ಮಾಡುತ್ತಿರಲಿಲ್ಲ.

ದಿನವೂ ಹೊರಗಿನ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಗಡ್ಡ ಬೆಳೆಯಿತು. ಪ್ರೊಜೆಕ್ಟರಿನ ಸದ್ದು ನಿಂತಿತು. ನಾನು ದಿನಕ್ಕೊಂದು ಹೊತ್ತು ಅನ್ನ ಸಾರು ಒಯ್ದೆ. ಈಗ ಒಗ್ಗರಣೆ ಹಾಕುತ್ತಿದ್ದೆ.

ಎಂಟನೆಯ ದಿನ ಆಕೆ ನಮ್ಮ ಅಡುಗೆಮನೆಗೆ ಬಂದು ಕೂತರು. ಮಗಳು ಶಾಲೆಯಲ್ಲಿದ್ದಳು, ನಾನೂ ಆಕೆಯೂ ಇಬ್ಬರೇ. ಚಿಕ್ಕ ಚಿಕ್ಕ ಮಾತಿನಲ್ಲಿ ಹೇಳಿದರು. ಕೋಚ್ ಹಿಂದೆ ಯಾರ ಕೈಕೆಳಗೆ ಸಹಾಯಕರಾಗಿದ್ದರೋ ಆ ದೊಡ್ಡ ಕೋಚ್ ಫೋನ್ ಮಾಡಿದ್ದರು. ದೂರದ, ಹಿಮ ಬೀಳುವ ರಾಜ್ಯ, ಬಹಳ ದೊಡ್ಡ ಕಾಲೇಜು. ಈಗ ಸಹಾಯಕನಾಗಿ ಬಂದರೆ, ನಾಲ್ಕೈದು ವರ್ಷಕ್ಕೆ ತಾನು ಬಿಟ್ಟಾಗ ಆ ಜಾಗ ಇವರಿಗೇ. ಬುಧವಾರ ಸಂಜೆಯೊಳಗೆ ಹೇಳಬೇಕು. ಆಕೆ ಹೋಗಿ ಗಂಡನಿಗೆ ಹೇಳಿದರೆ, ಅವರು ಗ್ಯಾರೇಜಿನ ಹಲಗೆ ತೋರಿಸಿ, ಇವತ್ತಿಗೆ ಇನ್ನೂ ಎಂಟನೆಯ ದಿನ ಎಂದರಂತೆ. ಬುಧವಾರ ಎಂದರೆ ಹತ್ತನೆಯ ದಿನ.

"ನಾನು ಹೇಳ್ಲಾ? ಅದು ಸತ್ತೋರ ಮನೆಗೆ ಮಾತ್ರ ಅಂತ?" ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ಕೇಳಿದೆ.

ಆಕೆ ನನ್ನ ಕೈ ಹಿಡಿದುಕೊಂಡರು. "ಪ್ಲೀಸ್, ಹೇಳಬೇಡ" ಎಂದರು. ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು, ಬರುವಾಗ ಪಿಂಗಾಣಿ ತಟ್ಟೆಗಳನ್ನು ಪೆಟ್ಟಿಗೆಯಿಂದ ತೆಗೆದು ತೊಳೆದಿಟ್ಟು ಬಂದೆ, ಮತ್ತೆ ಕಟ್ಟೋದಿಲ್ಲ ಎಂದರು.

ಬುಧವಾರ ಮಧ್ಯಾಹ್ನ ನಮ್ಮ ಬಾಗಿಲು ತಟ್ಟಿದ ಸದ್ದಾಯಿತು. ಅವತ್ತು ಮಗಳು ಶಾಲೆಯಿಂದ ಬೇಗ ಬಂದಿದ್ದಳು. ನಾನೇ ಹೋಗಿ ತೆರೆದೆ. ಗಡ್ಡದ ಕೋಚ್ ನಿಂತಿದ್ದರು, ಕೈಯಲ್ಲಿ ಹಿಂದಿನ ದಿನದ ಪಾತ್ರೆ.

"ಒಂದು ಕೇಳಬೇಕು. ಆ ಹನ್ನೊಂದು ದಿನದ ಒಳಗೆ ತುಂಬ ಮುಖ್ಯವಾದ ಕೆಲಸ ಬಂದರೆ, ನಿಮ್ಮ ಊರಲ್ಲಿ ಎದ್ದು ಹೋಗಬಹುದಾ? ಅದಕ್ಕೆ ಏನಾದರೂ ವಿನಾಯಿತಿ ಇದೆಯಾ?"

ಮಕ್ಕಳೇ, ವಿನಾಯಿತಿ ಇದೆ. ನಮ್ಮದು ನಾಲೆಯ ನೀರಿನ ಊರು. ನೀರಿನ ಸರದಿ ಬಂದರೆ ಮನೆಯಲ್ಲಿ ಹೆಣ ಇದ್ದರೂ ಒಬ್ಬರು ಹೋಗಿ ಗದ್ದೆಗೆ ನೀರು ಕಟ್ಟಿ ಬರುತ್ತಾರೆ. ನನ್ನ ತಾತ ಹೋದ ದಿನ ನನ್ನ ಅಪ್ಪನೇ ಗುದ್ದಲಿ ಹೆಗಲಿಗೇರಿಸಿಕೊಂಡು ಹೋಗಿದ್ದರು. ಹಸುವಿನ ಹಾಲು ಕರೆಯುತ್ತಾರೆ, ಕಟಾವು ಬಂದರೆ ಕುಡುಗೋಲು ಹಿಡಿಯುತ್ತಾರೆ. ಈ ವಿನಾಯಿತಿ ಇಲ್ಲದೆ ಅಂಥ ನಿಯಮ ನಮ್ಮಲ್ಲಿ ಉಳಿಯುವುದಕ್ಕೇ ಸಾಧ್ಯವಿಲ್ಲ.

ಮಗಳು ಅವರ ಮಾತನ್ನು ಕನ್ನಡಕ್ಕೆ ತಿರುಗಿಸಲು ಬಾಯಿ ತೆರೆದಳು. ಅಷ್ಟರಲ್ಲೇ ನಾನು "ನೋ" ಎಂದೆ.

ಆಕೆ ಬೇಡಿಕೊಂಡದ್ದು ಒಂದು ಕಾರಣ. ಇನ್ನೊಂದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಅವರು ಹೊರಟುಹೋದರೆ ಈ ದೇಶದಲ್ಲಿ ನನಗೆ ಯಾರಿದ್ದರು? ಆ ಗೋಡೆಯ ಆಚೆಯ ಸದ್ದೇ ನನಗೆ ನೆಂಟರು.

ಕೋಚ್ ತಲೆಯಾಡಿಸಿ ಪಾತ್ರೆ ಕೊಟ್ಟು ಹೋದರು. ಸಂಜೆ ಗೋಡೆಯ ಆಚೆ ಫೋನ್ ಹೊಡೆದುಕೊಂಡಿತು. ಒಂದೇ ಸಮನೆ ಹೊಡೆದುಕೊಂಡಿತು, ನಿಂತಿತು, ಇನ್ನೊಂದು ಸಲ ಹೊಡೆದುಕೊಂಡಿತು. ನಾನು ತೊಳೆಯುತ್ತಿದ್ದ ಅಕ್ಕಿಯ ನೀರಿನಲ್ಲಿ ಕೈಯಿಟ್ಟುಕೊಂಡೇ ನಿಂತಿದ್ದೆ. ಆಮೇಲೆ ಹೊಡೆದುಕೊಳ್ಳಲಿಲ್ಲ.

ಹನ್ನೊಂದನೆಯ ದಿನ ಗುರುವಾರ, ಅಮೆರಿಕದವರ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಅವತ್ತೇ ಬಂದಿತ್ತು. ಅವರು ನಮ್ಮನ್ನು ಊಟಕ್ಕೆ ಕರೆದರು. ತಿಥಿ ಎಂದುಕೊಂಡರೆ ಅಮಂಗಳ, ಹಬ್ಬ ಎಂದುಕೊಂಡು ವಡೆ ಪಾಯಸ ಮಾಡು ಎಂದರು ನಿಮ್ಮ ಅಜ್ಜ. ಕೋಚ್ ಗಡ್ಡ ತೆಗೆದು, ಇಸ್ತ್ರಿ ಅಂಗಿ ಹಾಕಿಕೊಂಡು, ಆ ಪಿಂಗಾಣಿ ತಟ್ಟೆಗಳಲ್ಲಿ ಟರ್ಕಿಯ ಮಾಂಸದ ಪಕ್ಕ ನನ್ನ ವಡೆ ಬಡಿಸಿದರು. ಊಟವಾದ ಮೇಲೆ ಎದ್ದು ಹೋಗಿ ಫೋನ್ ಮಾಡಿದರು. ಹೆಚ್ಚು ಹೊತ್ತು ಮಾತಾಡಲಿಲ್ಲ. ಬಂದು ಕೂತು, "ಬೇರೆಯವರಿಗೆ ಕೊಟ್ಟಾಯ್ತಂತೆ" ಎಂದರು. ಪಾಯಸ ಇನ್ನಷ್ಟು ಹಾಕಿಸಿಕೊಂಡರು. ನಾನು ನನ್ನ ತಟ್ಟೆ ಎತ್ತಿಕೊಂಡು ತೊಳೆಯಲು ಎದ್ದೆ.

ಅವರು ಮತ್ತೆ ಯಾವ ಕಾಲೇಜಿಗೂ ಹೆಡ್ ಕೋಚ್ ಆಗಲಿಲ್ಲ. ಬೇಸಿಗೆಯ ಹೊತ್ತಿಗೆ ಡ್ಯಾನ್‌ವಿಲ್ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುವ ಕೆಲಸ ಸಿಕ್ಕಿತು. ಸಂಜೆ ಹೊಸದಾಗಿ ಸೇರಿದ ಮಕ್ಕಳಿಗೆ ಆಟ. ಎರಡನೆಯ ಊರಿನಲ್ಲಿ ಎಲ್ಲಿಂದ ಹತ್ತಲು ಶುರು ಮಾಡಿದ್ದರೋ ಮತ್ತೆ ಅದೇ ಮೆಟ್ಟಿಲು. ಅಲ್ಲೇ ಒಂದು ಮನೆ ಕೊಂಡರು, ಅವರ ಮೊದಲ ಸ್ವಂತ ಮನೆ. ಫ್ರೀವೇ ಹಿಡಿದರೆ ನಮಗೆ ಮುಕ್ಕಾಲು ಗಂಟೆ. ವರ್ಷಕ್ಕೆ ಮೂರು ನಾಲ್ಕು ಸಲ ಹೋಗುತ್ತಿದ್ದೆವು. ಆಕೆ ನಿಂಬೆ ಗಿಡ ಹಾಕಿದರು, ಚರ್ಚಿನಲ್ಲಿ ಹಾಡಿದರು, ಮೈ ತುಂಬಿಕೊಂಡರು. ಕೋಚ್ ನಗುತ್ತಲೇ ಇದ್ದರು. ಆದರೆ ಟಿವಿಯಲ್ಲಿ ಆ ಹಿಮದ ಊರಿನ ಕಾಲೇಜಿನ ಆಟ ಬಂದಾಗ ಅವರು ಎದ್ದು ಹಿತ್ತಲಿಗೆ ಹೋದದ್ದನ್ನು ನಾನು ಒಮ್ಮೆ ನೋಡಿದೆ. ನನ್ನ ಒಂದು ಮಾತು ಈ ಮನುಷ್ಯನ ಇಪ್ಪತ್ತು ವರ್ಷದ ದುಡಿಮೆಯನ್ನು ನುಂಗಿತು ಎಂದು ಅವತ್ತು ಖಚಿತವಾಯಿತು. ನಿಮ್ಮ ಅಜ್ಜನಿಗೂ ಹೇಳಲಿಲ್ಲ.

ನಿಮ್ಮ ಅಜ್ಜ ತೀರಿಕೊಂಡ ಎರಡು ವರ್ಷದ ಮೇಲೆ ಕೋಚಿಗೂ ಕಾಯಿಲೆ ಹೆಚ್ಚಾಯಿತು. ನಿಮ್ಮ ಅಮ್ಮ ನನ್ನನ್ನು ಕರೆದುಕೊಂಡು ಹೋದಳು. ಅವರು ಹಿತ್ತಲಲ್ಲಿ ಕಂಬಳಿ ಹೊದ್ದು ಕೂತಿದ್ದರು. ನಿಮ್ಮ ಅಮ್ಮನೂ ಅವರ ಹೆಂಡತಿಯೂ ಒಳಗೆ ಕಾಫಿ ಮಾಡುತ್ತಿದ್ದರು. ಈಗಲ್ಲದಿದ್ದರೆ ಇನ್ನು ಯಾವಾಗ ಎಂದು ನನ್ನ ಇಂಗ್ಲಿಷಿನಲ್ಲೇ ಹೇಳಿದೆ. ನಮ್ಮ ಊರಲ್ಲಿ ಎದ್ದು ಹೋಗಬಹುದಿತ್ತು. ನೀರಿನ ಸರದಿಗೆ ಹೋಗುತ್ತಾರೆ. ನಾನು ಸುಳ್ಳು ಹೇಳಿದೆ. ನನ್ನಿಂದ ನಿಮ್ಮ ಕೆಲಸ ಹೋಯಿತು.

ಅವರು ಕಂಬಳಿ ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು.

"ನಾನು ಜೀವನವೆಲ್ಲ ಹುಡುಗರನ್ನು ಪ್ರಶ್ನೆ ಕೇಳಿದೋನು. ನೋವಿದೆಯಾ ಅಂತ ಕೇಳಿದರೆ, ನೋವು ಇಲ್ಲದವನು ಯೋಚನೆ ಮಾಡಿ ಇಲ್ಲ ಅಂತಾನೆ. ನೋವಿರೋನು ಕೇಳೋಕೆ ಮೊದಲೇ ಇಲ್ಲ ಅಂತಾನೆ. ನೀವು ಮಗಳು ಅನುವಾದ ಮಾಡೋ ತನಕವೂ ಕಾಯಲಿಲ್ಲ."

"ಗೊತ್ತಿತ್ತಾ?"

"ಮೆಟ್ಟಿಲು ಇಳಿಯೋವಾಗಲೇ ಗೊತ್ತಿತ್ತು. ಮನೆಯಲ್ಲಿ ತಟ್ಟೆಗಳು ಹೊರಗೆ ಬಂದಿದ್ದೂ ನೋಡಿದ್ದೆ. ಇವಳು ಒಂದು ಸಲವೂ ಬೇಡ ಅಂದೋಳಲ್ಲ, ಅನ್ನೋದಕ್ಕೆ ನಾನು ಬಿಟ್ಟೋನೂ ಅಲ್ಲ." ಕೈಯನ್ನು ಕಂಬಳಿಯಿಂದ ಹೊರಗೆ ತೆಗೆದು ನನ್ನ ಕಡೆ ತೋರಿಸಿದರು. "ಫೋನ್ ಹೊಡೆದುಕೊಳ್ಳೋವಾಗ ನಾನು ಅದರ ಪಕ್ಕದಲ್ಲೇ ಕೂತಿದ್ದೆ. ನಿಯಮ ನಿಮ್ಮದು. ಕೂತೋನು ನಾನು."

"ಬೇಜಾರಾಗಲಿಲ್ವಾ?"

"ಆಯ್ತು. ಬಹಳ ಸಲ ಆಯ್ತು" ಎಂದರು. ಸುಳ್ಳು ಹೇಳಿ ನನ್ನನ್ನು ಸಮಾಧಾನ ಮಾಡಲಿಲ್ಲ. ಅದಕ್ಕೇ ಮಿಕ್ಕದ್ದನ್ನೂ ನಂಬಿದೆ.

ಆ ವಸಂತದಲ್ಲಿ ಅವರು ತೀರಿಕೊಂಡರು. ಅವರ ನೆನಪಿನ ಸಭೆಯನ್ನು ಅವರು ಕಲಿಸಿದ ಆ ಹೈಸ್ಕೂಲಿನ ಮೈದಾನದಲ್ಲೇ ಇಟ್ಟಿದ್ದರು. ನಾನು ಬಿಳಿ ಸೀರೆ ಉಟ್ಟು ಹಿಂದಿನ ಸಾಲಿನಲ್ಲಿ ಕೂತೆ. ಬಂದವರೆಲ್ಲ ಹೆಚ್ಚಾಗಿ ಅಲ್ಲಿ ಅವರ ಹತ್ತಿರ ಆಟ ಕಲಿತ ಗಂಡಸರು, ತಲೆ ಬೋಳಾದವರು, ಹೊಟ್ಟೆ ಬಂದವರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು. ಜಾಗ ಸಾಲದೆ ಹುಲ್ಲಿನ ಮೇಲೆ ನಿಂತಿದ್ದರು. ಭಾಷಣಗಳು ಮುಗಿದು ಎಲ್ಲರೂ ಕಾಫಿ ಹಿಡಿದು ನಿಂತಾಗ, ಅವರಲ್ಲಿ ಒಬ್ಬ ದೊಡ್ಡ ಆಳು ನನ್ನ ಸೀರೆ ನೋಡಿ ಬಗ್ಗಿ, ಮರ್ಯಾದೆಯಿಂದ ಕೇಳಿದ:

"ನಿಮಗೆ ಕೋಚ್ ಹೇಗೆ ಗೊತ್ತು, ಮ್ಯಾಮ್?"

ಪಕ್ಕದ ಮನೆಯವಳು ಎಂದರೆ ಮುಗಿಯುತ್ತಿತ್ತು. ಬಾಯಿಗೆ ಬಂದದ್ದೂ ಅದೇ. ಅವನ ಹಿಂದೆ ಅಷ್ಟು ಜನ ನಿಂತಿದ್ದರು. ಅವನ ಮುಖ ನೋಡಿ ಹೇಳಿದೆ.

"ನಾನು ಒಂದು ಸುಳ್ಳು ಹೇಳಿದೆ. ಅದಕ್ಕೇ ಅವರು ನಿಮ್ಮ ಶಾಲೆಗೆ ಬಂದರು."

ಅವನು ಅರ್ಥವಾಗದೆ ಕಾದ. ನಾನು ಗೋಡೆಯ ಆಚೆಯ ಸದ್ದಿನಿಂದ ಶುರು ಮಾಡಿದೆ. ತಪ್ಪು ಇಂಗ್ಲಿಷಿನಲ್ಲಿ, ಮಾತು ಸಿಗದ ಕಡೆ ಕೈಸನ್ನೆಯಲ್ಲಿ, ಸಾರು, ಹಲಗೆ, ಫೋನು, ನಾಲೆಯ ನೀರು ಎಲ್ಲ ಹೇಳಿದೆ. ಅವನ ಕಾಫಿ ಆರಿಹೋಯಿತು. ಮುಗಿಸಿದಾಗ ಅವನು ಕಣ್ಣು ಒರೆಸಿಕೊಂಡು, ಮೈದಾನದ ಕಡೆ ತಿರುಗಿ, ಹೆಸರು ಹಿಡಿದು ಒಬ್ಬೊಬ್ಬರನ್ನೇ ಕೂಗಿ ಕರೆದ. ನಾಲ್ಕು ಜನ ಬಂದರು, ಆಮೇಲೆ ಹತ್ತು ಜನ, ಇನ್ನೂ ಬರುತ್ತಲೇ ಇದ್ದರು. ಎಲ್ಲರೂ ನನ್ನ ಸುತ್ತ ನಿಂತ ಮೇಲೆ ಅವನು, "ಇನ್ನೊಂದು ಸಲ ಹೇಳಿ, ಮ್ಯಾಮ್. ಮೊದಲಿನಿಂದ" ಎಂದ.

ಹೇಳಿದೆ.